ಶಕ್ತಿ ಜಾಸ್ತಿ ಆಯಿತು, ಎಳೆತ ಕಡಿಮೆ ಆಯಿತು: ಫೋರ್ಡ್ ಫೋಕಸ್ ಆರ್‌ಎಸ್ ಪ್ರಕರಣ

ಫೋಕಸ್ ಆರ್‌ಎಸ್ ಎಂಬ ಹೆಸರಿನಲ್ಲಿ ಫೋರ್ಡ್ ಕಂಪನಿ ಮುಂದಿನ ಚಕ್ರಗಳಿಂದ ಮಾತ್ರ ಓಡುವ ಎರಡು ಕಾರು ತಂದಿತ್ತು. ಮೊದಲನೆಯದು ಬಂದಿದ್ದು 2002ರಲ್ಲಿ. 2 ಲೀಟರ್ ಟರ್ಬೊ ಎಂಜಿನ್, 215 ಪಿಎಸ್ (ಅಶ್ವಶಕ್ತಿ) ಶಕ್ತಿ, 310 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಚುವ ಬಲ. ಎರಡನೆಯದು 2009ರದ್ದು. ವೋಲ್ವೊ ಮೂಲದ ಐದು ಸಿಲಿಂಡರಿನ 2.5 ಲೀಟರ್ ಟರ್ಬೊ, 305 ಪಿಎಸ್, 440 ನ್ಯೂಟನ್ ಮೀಟರ್. ಎರಡೂ ಜರ್ಮನಿಯ ಸಾರ್‌ಲೂಯಿ ಕಾರ್ಖಾನೆಯಲ್ಲಿ ತಯಾರಾದವು. ಎರಡಕ್ಕೂ ಕ್ವೈಫ್ ಕಂಪನಿಯ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಹಾಕಿದ್ದರು. ಡಿಫರೆನ್ಷಿಯಲ್ ಅಂದರೆ ಎಂಜಿನ್ ಟಾರ್ಕನ್ನು ಎರಡು ಚಕ್ರಗಳಿಗೆ ಹಂಚುವ ಗೇರ್ ಜೋಡಣೆ; ಲಿಮಿಟೆಡ್ ಸ್ಲಿಪ್ ಅಂದರೆ ಒಂದು ಚಕ್ರ ಜಾರಿದರೆ ಇನ್ನೊಂದಕ್ಕೆ ಹೆಚ್ಚು ಕೊಡುವಂಥದ್ದು.

ಮೊದಲ ಕಾರು ಒಂದು ವಿಷಯಕ್ಕೆ ಹೆಸರು ಕೆಡಿಸಿಕೊಂಡಿತು. ಉಬ್ಬುತಗ್ಗಿನ ರಸ್ತೆಯಲ್ಲಿ ಆಕ್ಸಿಲರೇಟರ್ ಒತ್ತಿದರೆ ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡು ಹೋದ ಹಾಗೆ ಎಳೆಯುತ್ತಿತ್ತು. ಇದನ್ನೇ ಟಾರ್ಕ್ ಸ್ಟಿಯರ್ ಅನ್ನುವುದು. ಎರಡನೇ ಕಾರಿನ ಶಕ್ತಿ 90 ಪಿಎಸ್ ಜಾಸ್ತಿ, ಟಾರ್ಕ್ 130 ನ್ಯೂಟನ್ ಮೀಟರ್ ಜಾಸ್ತಿ. ಲೆಕ್ಕದ ಪ್ರಕಾರ ಅದು ಇನ್ನೂ ಹೆಚ್ಚು ಎಳೆಯಬೇಕಿತ್ತು. ಆದರೆ ಕಡಿಮೆ ಎಳೆಯಿತು.

ಟಾರ್ಕ್ ಜಾಸ್ತಿ ಆದಷ್ಟೂ ಎಳೆತ ಜಾಸ್ತಿ ಎಂದು ಎಲ್ಲರೂ ಹೇಳುತ್ತಾರೆ, ಅಲ್ವಾ? ಅದು ಅರ್ಧ ಮಾತ್ರ ನಿಜ. ಟಾರ್ಕ್ ಎಷ್ಟಿದೆ ಅನ್ನುವುದಕ್ಕಿಂತ ಅದು ಎಷ್ಟು ಉದ್ದದ ಸನ್ನೆಯ (ಲಿವರಿನ) ಮೇಲೆ ಕೆಲಸ ಮಾಡುತ್ತದೆ ಅನ್ನುವುದು ಮುಖ್ಯ. ಆ ಸನ್ನೆ ಎಲ್ಲಿದೆ, ಫೋರ್ಡ್‌ನವರು ಅದನ್ನು ಹೇಗೆ ಗಿಡ್ಡ ಮಾಡಿದರು ಅನ್ನುವುದೇ ಈ ಪ್ರಕರಣದ ತಿರುಳು.

ಸ್ಟೀರಿಂಗ್‌ವರೆಗೆ ಬರುವುದು ಬರೀ ವ್ಯತ್ಯಾಸ

ಮುಂದಿನ ಎರಡು ಚಕ್ರಗಳನ್ನು ಸ್ಟೀರಿಂಗ್ ರ‍್ಯಾಕ್ ಒಂದಕ್ಕೊಂದು ಜೋಡಿಸಿರುತ್ತದೆ. ಎಂಜಿನ್ ಎರಡೂ ಚಕ್ರಗಳನ್ನು ಮುಂದಕ್ಕೆ ದೂಡುವಾಗ, ಪ್ರತಿ ಚಕ್ರವೂ ತನ್ನ ಸ್ಟೀರಿಂಗ್ ಅಕ್ಷದ ಸುತ್ತ ಒಳಮುಖವಾಗಿ ತಿರುಗಲು ನೋಡುತ್ತದೆ. ಎಡ ಚಕ್ರ ಬಲಕ್ಕೆ, ಬಲ ಚಕ್ರ ಎಡಕ್ಕೆ. ಎರಡೂ ಸಮ ಇದ್ದರೆ ರ‍್ಯಾಕ್‌ನಲ್ಲಿ ಒಂದನ್ನೊಂದು ಹೊಡೆದು ಹಾಕುತ್ತವೆ. ಚಾಲಕನ ಕೈಗೆ ಏನೂ ಗೊತ್ತಾಗುವುದಿಲ್ಲ. ಒಂದು ಕಡೆಯ ಬಲ ಹೆಚ್ಚಾದರೆ ಆ ವ್ಯತ್ಯಾಸ ಮಾತ್ರ ಸ್ಟೀರಿಂಗ್‌ಗೆ ಬರುತ್ತದೆ.

ಹಾಗಾದರೆ ಎಡ ಬಲ ಬೇರೆ ಬೇರೆ ಆಗುವುದು ಯಾಕೆ?

ಎಲ್ಲರಿಗೂ ಗೊತ್ತಿರುವ ಉತ್ತರ ಡ್ರೈವ್ ಶಾಫ್ಟ್. ಗ್ಯಾರೇಜಿನಲ್ಲಿ ಇದಕ್ಕೇ ಆಕ್ಸಲ್ ಅನ್ನುತ್ತಾರೆ. ಎಂಜಿನನ್ನು ಅಡ್ಡ ಇಟ್ಟು, ಅದರ ಒಂದು ತುದಿಗೆ ಗೇರ್‌ಬಾಕ್ಸ್ ಜೋಡಿಸಿದರೆ ಡಿಫರೆನ್ಷಿಯಲ್ ಕಾರಿನ ನಡುವೆ ಬರುವುದಿಲ್ಲ, ಒಂದು ಬದಿಗೆ ಸರಿಯುತ್ತದೆ. ಹಾಗಾಗಿ ಒಂದು ಶಾಫ್ಟ್ ಉದ್ದ, ಇನ್ನೊಂದು ಗಿಡ್ಡ. ಈ ಜೋಡಣೆಯನ್ನು ಇಟಲಿಯ ಫಿಯೆಟ್ ಎಂಜಿನಿಯರ್ ದಾಂತೆ ಜಾಕೋಸಾ 1964ರ ಆಟೋಬಿಯಾಂಕಿ ಪ್ರಿಮುಲಾ ಕಾರಿನಲ್ಲಿ ತಂದರು. ಆಮೇಲೆ 1969ರ ಫಿಯೆಟ್ 128ರಲ್ಲೂ ಅದೇ ಬಂತು. ಇವತ್ತು ನಮ್ಮ ರಸ್ತೆಯ ಸಣ್ಣ ಕಾರುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಇದೇ ಅಚ್ಚಿನವು.

ಗಿಡ್ಡ ಶಾಫ್ಟಿನ ತುದಿಯ ಜಾಯಿಂಟ್ ಜಾಸ್ತಿ ಓರೆಯಾಗಿರುತ್ತದೆ, ಉದ್ದದ್ದು ಕಡಿಮೆ ಓರೆ. ಓರೆಯಾಗಿರುವ ಜಾಯಿಂಟ್ ಮೂಲಕ ಟಾರ್ಕ್ ಹರಿದಾಗ ಅದರಲ್ಲಿ ಒಂದು ಪಾಲು ಚಕ್ರವನ್ನು ಸ್ಟೀರಿಂಗ್ ಅಕ್ಷದ ಸುತ್ತ ತಿರುಗಿಸಲು ಹೋಗುತ್ತದೆ. ಎರಡು ಕಡೆ ಕೋನ ಬೇರೆ, ಹಾಗಾಗಿ ಆ ಪಾಲೂ ಬೇರೆ. ಜೋರಾಗಿ ವೇಗ ಹೆಚ್ಚಿಸಿದಾಗ ಕಾರಿನ ಮೂತಿ ಮೇಲಕ್ಕೇಳುತ್ತದೆ, ಕೋನಗಳು ಇನ್ನೂ ಹೆಚ್ಚಾಗುತ್ತವೆ. ಇದಕ್ಕೆ ಮದ್ದು ಬಹಳ ಹಿಂದೆಯೇ ಸಿಕ್ಕಿದೆ. ಉದ್ದದ ಕಡೆ ನಡುವೆ ಒಂದು ತುಂಡು ಶಾಫ್ಟ್ ಹಾಕಿ, ಅದರ ಬೇರಿಂಗನ್ನು ಎಂಜಿನ್ ಬ್ಲಾಕಿಗೆ ಬಿಗಿಯುವುದು. ಆಗ ಓರೆಯಾಗುವ ಭಾಗ ಎರಡು ಕಡೆಯೂ ಸಮ. ಫೋಕಸ್‌ನಲ್ಲಿ ಇದು ಮೊದಲೇ ಇತ್ತು.

ಅಂದರೆ ಆರ್‌ಎಸ್‌ನ ಎಳೆತಕ್ಕೆ ಶಾಫ್ಟಿನ ಉದ್ದ ಮುಖ್ಯ ಕಾರಣ ಅಲ್ಲ. ಟಾರ್ಕ್ ಸ್ಟಿಯರ್ ಅಂದ ಕೂಡಲೇ ಶಾಫ್ಟ್ ಉದ್ದದ ಕಥೆ ಹೇಳಿ ಮುಗಿಸುವವರು ಬೇಕಾದಷ್ಟು ಜನ ಇದ್ದಾರೆ. ಹೆಚ್ಚು ಶಕ್ತಿಯ ಕಾರಿಗೆ ಆ ಕಥೆ ಸಾಲುವುದಿಲ್ಲ.

ಹಿಡಿತ ಕೊಟ್ಟ ಡಿಫರೆನ್ಷಿಯಲ್ಲೇ ತೊಂದರೆಯನ್ನೂ ತಂದಿತು

ಮಾಮೂಲಿ ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ಸಮ ಟಾರ್ಕ್ ಕೊಡುತ್ತದೆ. ಒಂದು ಚಕ್ರ ಮರಳಿನ ಮೇಲೆ ಸುಮ್ನೆ ಸುತ್ತುತ್ತಿದ್ದರೆ, ಟಾರ್ ಮೇಲಿರುವ ಇನ್ನೊಂದಕ್ಕೂ ಅಷ್ಟೇ ಅಲ್ಪ ಟಾರ್ಕ್ ಸಿಗುತ್ತದೆ. ಕಾರು ಮುಂದೆ ಹೋಗುವುದಿಲ್ಲ. ಆದರೆ ಸ್ಟೀರಿಂಗ್ ಮಟ್ಟಿಗೆ ಇದು ಬಲು ಸಾಧು. ಎರಡು ಕಡೆ ಬಲ ಸಮ, ವ್ಯತ್ಯಾಸ ಇಲ್ಲ, ಎಳೆತವೂ ಇಲ್ಲ.

215 ಪಿಎಸ್ ಶಕ್ತಿಯನ್ನು ಮುಂದಿನ ಚಕ್ರಗಳಿಂದ ರಸ್ತೆಗೆ ಇಳಿಸಲು ಮಾಮೂಲಿ ಡಿಫರೆನ್ಷಿಯಲ್ ಸಾಲದು. ತಿರುವಿನಲ್ಲಿ ಒಳಗಿನ ಚಕ್ರ ಹಗುರಾಗಿ ಸುತ್ತತೊಡಗುತ್ತದೆ. ಆದ್ದರಿಂದ ಮೊದಲ ಆರ್‌ಎಸ್‌ಗೆ ಕ್ವೈಫ್ ಬಂತು. ಅದರೊಳಗೆ ಕ್ಲಚ್ ಪ್ಲೇಟುಗಳಿಲ್ಲ, ಓರೆ ಹಲ್ಲಿನ ಗೇರುಗಳಿವೆ. ಒಂದು ಚಕ್ರ ಜಾರತೊಡಗಿದರೆ ಈ ಗೇರುಗಳು ತಮ್ಮ ಗೂಡಿಗೆ ಒತ್ತಿಕೊಂಡು, ಹಿಡಿತ ಇರುವ ಚಕ್ರಕ್ಕೆ ಹೆಚ್ಚು ಟಾರ್ಕ್ ದಾಟಿಸುತ್ತವೆ. ಕಾರು ಮುಂದಕ್ಕೆ ಚಿಮ್ಮುತ್ತದೆ.

ಈಗ ಎರಡು ಕಡೆಯ ಬಲ ಸಮ ಇಲ್ಲ. ಬೇಕೆಂದೇ ಅಸಮ ಮಾಡಿದ್ದೇವೆ. ರಸ್ತೆಯ ಒಂದು ತೇಪೆ, ಒಂದು ಗೀರು, ಸ್ವಲ್ಪ ಇಳಿಜಾರು ಸಾಕು. ದೂಡುವ ಶಕ್ತಿ ಎಡ ಚಕ್ರದಿಂದ ಬಲ ಚಕ್ರಕ್ಕೆ, ಅಲ್ಲಿಂದ ಮತ್ತೆ ಎಡ ಚಕ್ರಕ್ಕೆ ಹಾರುತ್ತಿರುತ್ತದೆ. ಪ್ರತಿ ಸಲವೂ ಸ್ಟೀರಿಂಗ್ ಜಗ್ಗುತ್ತದೆ.

ಇಲ್ಲಿ ಒಂದು ಸ್ವಾರಸ್ಯ ಇದೆ. ಬಲಕ್ಕೆ ತಿರುಗುವ ರಸ್ತೆಯಲ್ಲಿ ಹಿಡಿತ ಜಾಸ್ತಿ ಇರುವುದು ಹೊರಗಿನ, ಅಂದರೆ ಎಡ ಚಕ್ರಕ್ಕೆ. ಎಡ ಚಕ್ರ ಜೋರಾಗಿ ದೂಡಿದರೆ ಕಾರಿನ ಮೂತಿ ಬಲಕ್ಕೆ ಹೋಗುತ್ತದೆ, ಸ್ಟೀರಿಂಗೂ ಬಲಕ್ಕೇ ಎಳೆಯುತ್ತದೆ. ತಿರುವಿನಲ್ಲಿ ಇದು ನಮಗೆ ಬೇಕಾದ ದಿಕ್ಕೇ. ಇಂಥ ಕಾರನ್ನು ತಿರುವಿನಲ್ಲಿ ಓಡಿಸಿದವರು ಹಾಡಿ ಹೊಗಳುವುದು, ನೇರ ರಸ್ತೆಯಲ್ಲಿ ಓಡಿಸಿದವರು ಬಯ್ಯುವುದು ಒಂದೇ ಗುಣವನ್ನು.

ಸನ್ನೆ ಎಲ್ಲಿದೆ

ಚಕ್ರ ಎಡಬಲ ತಿರುಗುವುದು ಒಂದು ಕಾಣದ ಗೆರೆಯ ಸುತ್ತ. ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಒಂದೇ ಕಂಬದಲ್ಲಿರುವ ಸಸ್ಪೆನ್ಷನ್) ಇರುವ ಕಾರಿನಲ್ಲಿ ಈ ಗೆರೆ ಶಾಕ್ ಅಬ್ಸಾರ್ಬರಿನ ತಲೆಯ ಮೌಂಟಿಂಗ್‌ನಿಂದ ಕೆಳಗಿನ ಬಾಲ್ ಜಾಯಿಂಟಿನವರೆಗೆ ಹೋಗುತ್ತದೆ. ಮೌಂಟಿಂಗ್ ಬಾನೆಟ್ ಒಳಗೆ, ಟೈರಿಗಿಂತ ತುಂಬ ಒಳಕ್ಕೆ ಇರುತ್ತದೆ. ಹಾಗಾಗಿ ಗೆರೆ ಮೇಲಕ್ಕೆ ಹೋದ ಹಾಗೆ ಒಳಕ್ಕೆ ವಾಲುತ್ತದೆ. ಚಕ್ರದ ನಡುಬಿಂದುವಿನ ಎತ್ತರದಲ್ಲಿ ನೋಡಿದರೆ, ಆ ಗೆರೆಗೂ ಚಕ್ರದ ನಡುವಿಗೂ ಕೆಲವು ಸೆಂಟಿಮೀಟರ್ ಅಂತರ. ಈ ಅಂತರವೇ ಸನ್ನೆ. ಬಾಗಿಲನ್ನು ಕೀಲಿನ ಪಕ್ಕದಲ್ಲಿ ದೂಡಿದರೆ ಅಲುಗುವುದಿಲ್ಲ, ತುದಿಯಲ್ಲಿ ದೂಡಿದರೆ ಬೆರಳಲ್ಲೇ ತೆರೆಯುತ್ತದೆ. ಚಕ್ರಕ್ಕೂ ಅದೇ ನಿಯಮ.

ಈ ಅಂತರವನ್ನು ನೆಲದ ಮಟ್ಟದಲ್ಲಿ ಅಳೆದು ಸುಮ್ಮನಾಗುವವರಿದ್ದಾರೆ. ಬ್ರೇಕ್ ಹಾಕಿದಾಗ ಲೆಕ್ಕಕ್ಕೆ ಬರುವುದು ಅದು. ಎಂಜಿನ್ ಟಾರ್ಕ್ ಶಾಫ್ಟಿನ ಮೂಲಕ ಬರುವುದರಿಂದ, ದೂಡುವ ಬಲ ಸಸ್ಪೆನ್ಷನ್‌ಗೆ ಮುಟ್ಟುವುದು ಚಕ್ರದ ನಡುವಿನ ಎತ್ತರದಲ್ಲಿ. ಹಾಗಾಗಿ ಅಳೆಯಬೇಕಾದದ್ದು ಅಲ್ಲಿ.

ಈಗ ಒಂದು ಸಣ್ಣ ಲೆಕ್ಕ. ಇದು ಉದಾಹರಣೆ ಅಷ್ಟೇ, ಫೋರ್ಡ್ ಕೊಟ್ಟ ಅಳತೆ ಅಲ್ಲ. ಎಡ ಬಲ ಚಕ್ರಗಳು ದೂಡುವ ಬಲದಲ್ಲಿ 1000 ನ್ಯೂಟನ್, ಅಂದರೆ ಸುಮಾರು 100 ಕೆಜಿ ಭಾರದಷ್ಟು ವ್ಯತ್ಯಾಸ ಬಂತು ಅಂದುಕೊಳ್ಳಿ. ಸನ್ನೆ 60 ಮಿಲಿಮೀಟರ್ ಇದ್ದರೆ ಅಕ್ಷದ ಸುತ್ತ 60 ನ್ಯೂಟನ್ ಮೀಟರ್ ತಿರುಚು. 30 ಮಿಲಿಮೀಟರ್ ಇದ್ದರೆ 30. ಎಂಜಿನನ್ನು ಮುಟ್ಟಿಲ್ಲ, ಡಿಫರೆನ್ಷಿಯಲ್ಲನ್ನೂ ಮುಟ್ಟಿಲ್ಲ. ಎಳೆತ ಮಾತ್ರ ಅರ್ಧ.

ಹಾಗಿದ್ದರೆ ಮೊದಲೇ ಸನ್ನೆ ಕಡಿಮೆ ಮಾಡಬಹುದಿತ್ತಲ್ಲ? ಮ್ಯಾಕ್‌ಫರ್ಸನ್ ಸ್ಟ್ರಟ್‌ನಲ್ಲಿ ಅದು ಅಷ್ಟು ಸುಲಭವಲ್ಲ. ಸ್ಪ್ರಿಂಗು, ಶಾಕ್ ಎರಡೂ ಟೈರಿಗೆ ತಾಗಬಾರದು, ಹಾಗಾಗಿ ಒಳಗೇ ಇರಬೇಕು. ಬಾಲ್ ಜಾಯಿಂಟಿಗೆ ಬ್ರೇಕ್ ಡಿಸ್ಕ್ ಅಡ್ಡ ಬರುತ್ತದೆ. ಟೈರ್ ಅಗಲ ಮಾಡಿ, ಚಕ್ರವನ್ನು ಹೊರಕ್ಕೆ ತಳ್ಳಿದಷ್ಟೂ ಸನ್ನೆ ಉದ್ದವಾಗುತ್ತದೆ. ಸ್ಪೋರ್ಟ್ಸ್ ಕಾರಿಗೆ ಮಾಡುವ ಕೆಲಸಗಳೇ ಇವು. ಈ ಸ್ಟ್ರಟ್‌ಗೆ ಹೆಸರು ಕೊಟ್ಟ ಅರ್ಲ್ ಮ್ಯಾಕ್‌ಫರ್ಸನ್ ಸ್ವತಃ ಫೋರ್ಡ್‌ನ ಎಂಜಿನಿಯರ್. 1950ರಲ್ಲಿ ತೋರಿಸಿದ ಬ್ರಿಟನ್ನಿನ ಫೋರ್ಡ್ ಕಾನ್ಸಲ್, ಜೆಫಿರ್ ಕಾರುಗಳಲ್ಲಿ ಅದು ಇತ್ತು. ಅವೆಲ್ಲ ಹಿಂದಿನ ಚಕ್ರದಿಂದ ಓಡುವ ಕಾರುಗಳು. ಮುಂದಿನ ಚಕ್ರದ ನಡುವೆ 440 ನ್ಯೂಟನ್ ಮೀಟರ್ ಎಂಜಿನ್ ಬಂದು ಕೂರುತ್ತದೆ ಎಂದು ಆಗ ಯಾರಿಗೆ ಗೊತ್ತಿತ್ತು?

2009ರ ತೀರ್ಮಾನ

ಎರಡನೇ ಆರ್‌ಎಸ್ ತಯಾರಿಸುವಾಗ ಎದುರಿಗಿದ್ದ ದಾರಿಗಳನ್ನು ನೋಡಿ.

ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡಬಹುದಿತ್ತು. ತೂಕ ಜಾಸ್ತಿ, ಖರ್ಚು ಜಾಸ್ತಿ. ಮಜ್ದಾ ಕಂಪನಿ 2007ರ ಮಜ್ದಾಸ್ಪೀಡ್ 3ರಲ್ಲಿ ಮಾಡಿದ ಹಾಗೆ ಒಂದು, ಎರಡನೇ ಗೇರಿನಲ್ಲಿ ಕಂಪ್ಯೂಟರಿನಿಂದ ಟಾರ್ಕ್ ಕಡಿಮೆ ಮಾಡಬಹುದಿತ್ತು. ಅಗ್ಗದ ದಾರಿ. ಆದರೆ ಕೊಟ್ಟ ದುಡ್ಡಿಗೆ ಪೂರ್ತಿ ಎಂಜಿನ್ ಸಿಗಲಿಲ್ಲ ಅನ್ನಿಸುತ್ತದೆ. ಮುಂದೆ ಡಬಲ್ ವಿಶ್‌ಬೋನ್ ಸಸ್ಪೆನ್ಷನ್ ಹಾಕಬಹುದಿತ್ತು. ಅದಕ್ಕೆ ಕಾರಿನ ಬಾಡಿಯನ್ನೇ ಬದಲಿಸಬೇಕು. ಕೆಲವೇ ಸಾವಿರ ಕಾರಿಗಾಗಿ ಯಾವ ಲೆಕ್ಕಪತ್ರದವರೂ ಅದಕ್ಕೆ ಒಪ್ಪಲಾರರು.

ಫೋರ್ಡ್ ಆರಿಸಿಕೊಂಡದ್ದಕ್ಕೆ ರೆವೊನಕಲ್ ಎಂದು ಹೆಸರಿಟ್ಟಿತು. ಮಾಮೂಲಿ ಸ್ಟ್ರಟ್‌ನಲ್ಲಿ ಸ್ಟೀರಿಂಗ್ ತಿರುಗಿಸಿದರೆ ಶಾಕ್, ಸ್ಪ್ರಿಂಗ್, ಚಕ್ರ ಹೊರುವ ನಕಲ್ ಎಲ್ಲವೂ ಒಟ್ಟಿಗೆ ತಿರುಗುತ್ತವೆ. ರೆವೊನಕಲ್‌ನಲ್ಲಿ ಕೆಲಸ ಎರಡಾಗಿ ಒಡೆದಿದೆ. ಶಾಕ್ ಮತ್ತು ಅದರ ಕೆಳಗಿನ ತುಂಡು ತಿರುಗುವುದಿಲ್ಲ, ಮೇಲೆ ಕೆಳಗೆ ಮಾತ್ರ ಹೋಗುತ್ತವೆ. ಚಕ್ರ ಕೂರುವ ನಕಲ್ ಬೇರೆಯೇ ಇದ್ದು, ಆ ತುಂಡಿನ ಮೇಲೆ ತನ್ನದೇ ಮೇಲಿನ, ಕೆಳಗಿನ ಕೀಲುಗಳಲ್ಲಿ ತಿರುಗುತ್ತದೆ. ಸ್ಟೀರಿಂಗ್ ಅಕ್ಷ ಈಗ ಬಾನೆಟ್ ಒಳಗಿನ ಮೌಂಟಿಂಗ್‌ವರೆಗೆ ಹೋಗಬೇಕಿಲ್ಲ. ಆ ಎರಡು ಕೀಲುಗಳ ನಡುವೆಯೇ ಮುಗಿಯುತ್ತದೆ. ಅದನ್ನು ಹೆಚ್ಚು ನೇರ ನಿಲ್ಲಿಸಬಹುದು, ಚಕ್ರದ ನಡುವಿನ ಹತ್ತಿರಕ್ಕೆ ತರಬಹುದು. ಬಾಡಿಗೆ ಸೇರುವ ಜಾಗಗಳು ಮಾತ್ರ ಹಳೆಯವೇ, ಹಾಗಾಗಿ ಮಾಮೂಲಿ ಫೋಕಸ್‌ನ ಬಾಡಿಯೇ ಸಾಕಾಯಿತು.

ಈ ಉಪಾಯ ಫೋರ್ಡ್ ಒಬ್ಬರದ್ದೇ ಅಲ್ಲ. ರೆನೋ 2004ರ ಮೆಗಾನ್ ಆರ್‌ಎಸ್‌ನಲ್ಲೇ ಇಂಥದ್ದನ್ನು ಹಾಕಿತ್ತು. ಒಪೆಲ್ ಹೈಪರ್‌ಸ್ಟ್ರಟ್ ಎಂದು ಕರೆಯಿತು. ಹೋಂಡಾ 2015ರ ಸಿವಿಕ್ ಟೈಪ್ ಆರ್‌ಗೆ ಎರಡು ಅಕ್ಷದ ಸ್ಟ್ರಟ್ ತಂದಿತು. ವಿವರ ಬೇರೆ, ತತ್ವ ಒಂದೇ.

ನನಗೆ ಇದರಲ್ಲಿ ಹಿಡಿಸಿದ್ದು ಒಂದು ಅಂಶ. ಕ್ವೈಫ್ ಡಿಫರೆನ್ಷಿಯಲ್ ಹಾಗೇ ಉಳಿಯಿತು. ಹಿಡಿತ ಬೇಕು ಅಂದರೆ ಬಲ ಅಸಮವಾಗಲೇಬೇಕು. ಅದನ್ನು ತಡೆಯಲು ಹೋದರೆ ಹಿಡಿತವೇ ಹೋಗುತ್ತದೆ. ಹಾಗಾಗಿ ಅಸಮ ಬಲವನ್ನು ಬಿಟ್ಟು, ಅದು ಸ್ಟೀರಿಂಗ್‌ಗೆ ಮುಟ್ಟುವ ದಾರಿಯನ್ನು ಕಿರಿದು ಮಾಡಿದರು. 2002ರ ಕಾರಿನಲ್ಲಿ ಆಗಿದ್ದ ತಪ್ಪು ಕ್ವೈಫ್ ಹಾಕಿದ್ದಲ್ಲ, ಅದರ ಜೊತೆಗೆ ಮಾಮೂಲಿ ಸ್ಟ್ರಟ್ ಉಳಿಸಿಕೊಂಡದ್ದು.

ಉಳಿದ ಎಳೆತ

ಎಳೆತ ಪೂರ್ತಿ ಹೋಯಿತಾ? ಇಲ್ಲ. ಮುಂದೆ 235/35 ಅಳತೆಯ 19 ಇಂಚಿನ ಟೈರ್, ಸಾಮಾನ್ಯ ಫೋಕಸ್‌ಗಿಂತ 40 ಮಿಲಿಮೀಟರ್ ಅಗಲದ ನಿಲುವು. ಕಾರಿನ ತೂಕ 1467 ಕೆಜಿ. ಅದರಲ್ಲಿ 60 ಪರ್ಸೆಂಟ್ ಮುಂದಿದೆ ಅಂದುಕೊಂಡರೆ ಮುಂದಿನ ಎರಡು ಟೈರಿನ ಮೇಲೆ 880 ಕೆಜಿ. ಜೋರಾಗಿ ಹೊರಟಾಗ ಅದರಲ್ಲಿ ಸುಮಾರು 150 ಕೆಜಿ ಹಿಂದಕ್ಕೆ ವಾಲುತ್ತದೆ. ಉಳಿದದ್ದು 730. ಒಳ್ಳೆಯ ಟೈರು ಒಣ ರಸ್ತೆಯಲ್ಲಿ ತನ್ನ ಮೇಲಿನ ಭಾರದಷ್ಟೇ ಬಲದಿಂದ ದೂಡಬಲ್ಲದು, ಅಂದರೆ ಸುಮಾರು 7200 ನ್ಯೂಟನ್.

ಇತ್ತ ಎಂಜಿನ್ ಏನು ಕೊಡುತ್ತದೆ? ಒಂದನೇ ಗೇರಿನಲ್ಲಿ ಟಾರ್ಕ್ 12 ಪಟ್ಟಾಗುತ್ತದೆ ಅಂದುಕೊಳ್ಳಿ. 440ರ 12 ಪಟ್ಟು 5280. ಟೈರಿನ ಅರ್ಧ ಅಗಲಳತೆ, ಅಂದರೆ ತ್ರಿಜ್ಯ, ಸುಮಾರು 32 ಸೆಂಟಿಮೀಟರ್. ಹಾಗಾಗಿ ರಸ್ತೆಯ ಮೇಲೆ ಬೀಳುವ ಬಲ 16,000 ನ್ಯೂಟನ್ನಿಗೂ ಮೇಲೆ. ಟೈರು ತಾಳಿಕೊಳ್ಳುವುದಕ್ಕಿಂತ ಎರಡು ಪಟ್ಟು ಜಾಸ್ತಿ! ಎರಡನೇ ಗೇರಿನಲ್ಲೂ ಮಿತಿಯ ಆಸುಪಾಸಿನಲ್ಲೇ ಇರುತ್ತದೆ. ಮಿತಿಯ ಅಂಚಿನಲ್ಲಿರುವ ಟೈರಿಗೆ ರಸ್ತೆಯ ಸಣ್ಣ ಬದಲಾವಣೆಯೂ ದೊಡ್ಡದು. ಸನ್ನೆ ಎಷ್ಟೇ ಗಿಡ್ಡ ಇದ್ದರೂ ಸೊನ್ನೆ ಅಲ್ಲವಲ್ಲ. ಹಾಗಾಗಿ ಹದಗೆಟ್ಟ ರಸ್ತೆಯಲ್ಲಿ ಎರಡನೇ ಆರ್‌ಎಸ್ ಕೂಡ ಜಗ್ಗುತ್ತಿತ್ತು. ಕಾರನ್ನು ಸ್ಟೀರಿಂಗ್ ಬಿಗಿ ಹಿಡಿದೇ ಓಡಿಸಬೇಕಿತ್ತು. ಆದರೂ 100 ಕಿಲೋಮೀಟರ್ ವೇಗಕ್ಕೆ 5.9 ಸೆಕೆಂಡ್, ಗರಿಷ್ಠ ವೇಗ 263 ಕಿಲೋಮೀಟರ್. 2010ರಲ್ಲಿ ಇದೇ ಜೋಡಣೆಯ ಮೇಲೆ 350 ಪಿಎಸ್‌ನ ಆರ್‌ಎಸ್500 ಕಾರನ್ನು 500 ಮಾತ್ರ ಮಾಡಿದರು, ಮಂಕು ಕಪ್ಪು ಹೊದಿಕೆಯೊಂದಿಗೆ.

ನಮ್ಮ ರಸ್ತೆಗೆ ಬಂದರೆ

ಈ ಫೋಕಸ್ ನಮ್ಮಲ್ಲಿ ಮಾರಾಟಕ್ಕೆ ಬರಲಿಲ್ಲ. ಆದರೆ ತೊಂದರೆ ಗೊತ್ತಿಲ್ಲದ್ದೇನಲ್ಲ. ಟರ್ಬೊ ಡೀಸೆಲ್ ಸೆಡಾನ್ ಓಡಿಸಿದವರಿಗೆ, ಎರಡನೇ ಗೇರಿನಲ್ಲಿ ಟರ್ಬೊ ಒಮ್ಮೆಲೇ ಎದ್ದಾಗ ಸ್ಟೀರಿಂಗ್ ಕದಲುವುದು ಗೊತ್ತಿರುತ್ತದೆ. ಈಗ ಎಲೆಕ್ಟ್ರಿಕ್ ಕಾರುಗಳೂ ಸೇರಿವೆ. 2019ರಲ್ಲಿ ಇಲ್ಲಿಗೆ ಬಂದ ಹ್ಯುಂಡೈ ಕೋನಾ ಎಲೆಕ್ಟ್ರಿಕ್‌ನ ಶಕ್ತಿ 136 ಪಿಎಸ್ ಮಾತ್ರ, ಟಾರ್ಕ್ ಮಾತ್ರ 395 ನ್ಯೂಟನ್ ಮೀಟರ್. ಎಲ್ಲವೂ ಮುಂದಿನ ಚಕ್ರಕ್ಕೆ, ಅದೂ ಪೆಡಲ್ ಒತ್ತಿದ ಕ್ಷಣದಲ್ಲೇ.

ಎಡಬದಿಯಲ್ಲಿ ಓಡಿಸುವ ನಮಗೆ ಒಂದು ಮಾತು ಮುಖ್ಯ. ಓವರ್‌ಟೇಕ್ ಮಾಡುವಾಗ ಎಡ ಚಕ್ರ ಅಂಚಿನ ಮರಳು ಜಲ್ಲಿ ಮೇಲೆ, ಬಲ ಚಕ್ರ ಟಾರ್ ಮೇಲೆ ಇದ್ದರೆ ಲಿಮಿಟೆಡ್ ಸ್ಲಿಪ್ ಇರುವ ಕಾರಿನಲ್ಲಿ ಬಲ ಚಕ್ರ ಜೋರಾಗಿ ದೂಡುತ್ತದೆ. ಸ್ಟೀರಿಂಗ್ ಎಡಕ್ಕೆ, ಅಂದರೆ ರಸ್ತೆಯ ಅಂಚಿನ ಕಡೆಗೇ ಎಳೆಯುತ್ತದೆ. ಜಾರುವ ಚಕ್ರಕ್ಕೆ ಬ್ರೇಕ್ ಹಾಕಿ ಟಾರ್ಕ್ ದಾಟಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆ ಇದ್ದರೂ ಸ್ವಲ್ಪ ಮಟ್ಟಿಗೆ ಇದೇ ಕಥೆ. ಅಂಥ ಕಡೆ ಪೂರ್ತಿ ಪೆಡಲ್ ಒತ್ತಬೇಡಿ, ಎರಡು ಕೈಯಲ್ಲೂ ಸ್ಟೀರಿಂಗ್ ಹಿಡಿದಿರಿ.

ನಿಮ್ಮ ಕಾರು ಮೊದಲು ಎಳೆಯುತ್ತಿರಲಿಲ್ಲ, ಈಗ ಎಳೆಯುತ್ತಿದೆ ಅಂದರೆ ಅದು ಕಾರಿನ ವಿನ್ಯಾಸದ ಗುಣ ಅಲ್ಲ, ಏನೋ ಸವೆದಿದೆ. ಮೊದಲು ಮುಂದಿನ ಎರಡು ಟೈರು ಒಂದೇ ಬ್ರ್ಯಾಂಡು, ಒಂದೇ ಸವೆತ, ಒಂದೇ ಗಾಳಿ ಇದೆಯಾ ನೋಡಿ. ಆಮೇಲೆ ಲೋವರ್ ಆರ್ಮ್ ಬುಷ್, ಅಂದರೆ ಚಕ್ರವನ್ನು ಹಿಡಿದಿರುವ ಕೆಳಗಿನ ತೋಳಿನ ರಬ್ಬರ್. ಅದು ಹರಿದಿದ್ದರೆ ಪೆಡಲ್ ಒತ್ತಿದಾಗ ಆ ಕಡೆಯ ಚಕ್ರ ಮುಂದಕ್ಕೆ ಸರಿದು ಅಲೈನ್‌ಮೆಂಟೇ ಬದಲಾಗುತ್ತದೆ. ಯಂತ್ರದ ಮೇಲೆ ನಿಲ್ಲಿಸಿ ಅಳೆದರೆ ಎಲ್ಲ ಸರಿ ಕಾಣಿಸುತ್ತದೆ, ಅದೇ ತಲೆನೋವು. ಎಂಜಿನ್ ಮೌಂಟಿಂಗ್ ಕೂಡ ನೋಡಿಸಿ. ಎಂಜಿನ್ ವಾಲಿದರೆ ಆಕ್ಸಲ್ ಕೋನ ಬದಲಾಗುತ್ತದೆ.

ಆಮೇಲೆ ಏನಾಯಿತು

2016ರ ಮೂರನೇ ಫೋಕಸ್ ಆರ್‌ಎಸ್ 350 ಪಿಎಸ್‌ನೊಂದಿಗೆ ಬಂತು. ಈ ಸಲ ಫೋರ್ಡ್ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಟ್ಟಿತು. ಮುಂದಿನ ಚಕ್ರದ ಮಿತಿ ಮುಗಿಯಿತು, ಫೋರ್ಡ್ ಸೋಲೊಪ್ಪಿತು ಎಂದು ಕೆಲವರು ಬರೆದರು. ನನಗೆ ಹಾಗೆ ಅನ್ನಿಸುವುದಿಲ್ಲ. ನಿಂತಲ್ಲಿಂದ ಹೊರಡುವಾಗ ನಾಲ್ಕು ಟೈರಿಗೆ ಎರಡು ಟೈರು ಎಂದೂ ಸಾಟಿಯಲ್ಲ, ಅದು ಭಾರದ ಲೆಕ್ಕ. ಸ್ಟೀರಿಂಗ್ ಎಳೆತದ ಲೆಕ್ಕ ಬೇರೆ. 2017ರಲ್ಲಿ ಹೋಂಡಾ ಸಿವಿಕ್ ಟೈಪ್ ಆರ್ 320 ಪಿಎಸ್ ಇಟ್ಟುಕೊಂಡು, ಮುಂದಿನ ಚಕ್ರಗಳಿಂದಲೇ ನೂರ್ಬರ್ಗ್‌ರಿಂಗ್ ಟ್ರ್ಯಾಕನ್ನು 7 ನಿಮಿಷ 43.8 ಸೆಕೆಂಡಿನಲ್ಲಿ ಸುತ್ತಿತು. 2019ರಲ್ಲಿ ರೆನೋ ಮೆಗಾನ್ ಆರ್‌ಎಸ್ ಟ್ರೋಫಿ-ಆರ್ ಅದಕ್ಕಿಂತ ಮೂರು ಸೆಕೆಂಡಿಗೂ ಹೆಚ್ಚು ಬೇಗ ಮುಗಿಸಿತು, ಅದೂ 300 ಪಿಎಸ್‌ನಲ್ಲಿ. ಎರಡು ಕಾರಿನಲ್ಲೂ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇತ್ತು. ಎರಡರಲ್ಲೂ ಸ್ಟೀರಿಂಗ್ ಅಕ್ಷ ಶಾಕ್‌ನಿಂದ ಬೇರೆಯಾಗಿತ್ತು.